ಮಗಳಿಗೆ ಹೇಳಬೇಕು, ಯಾವ ಮಾತಿನಲ್ಲಿ ಹೇಳಲಿ?

ಶಿರಸಿ ಅಮ್ಮ:
ಶಿರಸಿ ಹತ್ತಿರದ ಹಳ್ಳಿ ನಮ್ಮದು. ಮಗಳು ಐದನೇ ಕ್ಲಾಸು. ಹೋದ ವಾರ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದೆ. ಪಕ್ಕ ಬಂದು ಕೂತು, "ಅಮ್ಮಾ, ಚಿಕ್ಕಮ್ಮನ್ನ ಯಾಕೆ ಮುಟ್ಟಬಾರದು?" ಅಂತ ಕೇಳಿದಳು. ಅತ್ತೆ ಅಲ್ಲೇ ಇದ್ದರು. "ಕಾಗೆ ಮುಟ್ಟಿದೆ ಅವಳಿಗೆ" ಅಂದುಬಿಟ್ಟರು.

ನನ್ನ ಆಯಿ ನನಗೆ ಹೇಳಿದ್ದೂ ಇದೇ ಕಾಗೆ ಕಥೆ. ಮೊದಲ ಸಲ ಮುಟ್ಟಾದಾಗ ನಾನು ಎಂಟನೇ ಕ್ಲಾಸು. ಏನೋ ದೊಡ್ಡ ರೋಗ ಬಂತು ಅಂತ ಬಚ್ಚಲುಮನೆಯಲ್ಲಿ ಒಂದು ತಾಸು ಅಳುತ್ತಾ ಕೂತಿದ್ದೆ. ಆಮೇಲೆ ಯಾರೂ ಬೈಯಲಿಲ್ಲ. ಯಾರೂ ಏನೂ ಹೇಳಲೂ ಇಲ್ಲ. ಹಳೇ ಸೀರೆ ತುಂಡು ಕೊಟ್ಟು, ಚಾಪೆ ಬೇರೆ ಹಾಸಿದರು.

ಮಗಳಿಗೆ ಹಾಗಾಗಬಾರದು. ಆದರೆ ಹೇಳೋಣ ಅಂದರೆ ಬಾಯಲ್ಲಿ ಶಬ್ದವೇ ಇಲ್ಲ. ಗೊತ್ತಿರುವುದು ಜಗಳದ ಬೈಗುಳ, ಇಲ್ಲವೇ ಪುಸ್ತಕದ ಸಂಸ್ಕೃತ. 'ಯೋನಿ' ಅನ್ನಲು ನಾಲಿಗೆ ಹೊರಳುವುದಿಲ್ಲ. ನೀವೆಲ್ಲ ಏನಂತ ಹೇಳಿಕೊಟ್ಟಿರಿ?

ಕುಮಟಾ ಮೇಷ್ಟ್ರು:
ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ದಾಸವಾಳ ಹೂವಿನ ಪರಾಗಸ್ಪರ್ಶವನ್ನು ಎರಡು ಪಿರಿಯಡ್ ಮಾಡುತ್ತಿದ್ದೆ. ಮನುಷ್ಯರ ಪುಟ ಬಂದಾಗ "ಮನೇಲಿ ಓದ್ಕೊಳ್ಳಿ" ಅಂತಿದ್ದೆ. 2007ರಲ್ಲಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಕೊಡುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ನಮ್ಮ ರಾಜ್ಯ ನಿಲ್ಲಿಸಿತಲ್ಲ, ಮಹಾರಾಷ್ಟ್ರ, ಮಧ್ಯಪ್ರದೇಶದಲ್ಲೂ ಹಾಗೇ ಆಯಿತು. ಸಂಸ್ಕೃತಿಗೆ ಒಗ್ಗುವುದಿಲ್ಲ ಅಂತ ವಾದ. ಆಗ ನನಗೆ ಒಳಗೊಳಗೆ ಸಮಾಧಾನವೇ ಆಗಿತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆಮೇಲೊಬ್ಬ ಹುಡುಗ, ಮೈಯಲ್ಲಿ ಆಗುವ ಬದಲಾವಣೆ ಕಂಡು ರೋಗ ಅಂತ ಹೆದರಿ, ಎರಡು ತಿಂಗಳು ಯಾರಿಗೂ ಹೇಳದೆ ಒಣಗಿಹೋಗಿದ್ದ. ಅವತ್ತಿನಿಂದ ಆ ಪುಟಗಳನ್ನು ನಾನೇ ಗಟ್ಟಿಯಾಗಿ ಓದುತ್ತೇನೆ. ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬಿ ಇಟ್ಟಿದ್ದೇನೆ. ವಾರದೊಳಗೆ ತುಂಬುತ್ತದೆ.

ಕಾರವಾರದವಳು:
ನಾನೀಗ ಸ್ವೀಡನ್‌ನಲ್ಲಿದ್ದೇನೆ. ಇಲ್ಲಿ 1955ರಿಂದಲೇ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಕಡ್ಡಾಯ. ಆದರೂ ನಿಮ್ಮ ಕಷ್ಟ ಇವರಿಗೂ ಇತ್ತು! ಗಂಡುಮಕ್ಕಳದ್ದಕ್ಕೆ 'ಸ್ನೊಪ್' ಅಂತ ಮನೆಮಾತಿನ ಶಬ್ದ ಇತ್ತು, ಹೆಣ್ಣುಮಕ್ಕಳದ್ದಕ್ಕೆ ಎಲ್ಲರೂ ಒಪ್ಪುವಂಥದ್ದು ಇರಲಿಲ್ಲ. ಆಮೇಲೆ 'ಸ್ನಿಪ್ಪಾ' ಅನ್ನುವುದನ್ನು ಬೇಕಂತಲೇ ಬಳಕೆಗೆ ತಂದರು. 2006ರಲ್ಲಿ ಅದು ಸ್ವೀಡಿಷ್ ಅಕಾಡೆಮಿಯ ಪದಪಟ್ಟಿಗೂ ಸೇರಿತು. ಈಗ ಅಂಗನವಾಡಿ ವಯಸ್ಸಿನ ಮಕ್ಕಳೂ ಮೂಗು, ಕಿವಿ ಅಂದಹಾಗೆ ಅನ್ನುತ್ತವೆ. ನಮ್ಮ ಮನೆಯ ಕೊಂಕಣಿಯಲ್ಲೂ ಅಂಥ ಶಬ್ದ ಇರಲಿಲ್ಲ. ಶಬ್ದ ಇಲ್ಲ ಅಂದರೆ ನಾವೇ ಮಾಡಿಕೊಳ್ಳಬಹುದು, ಅಲ್ವಾ?

ಅಂಕೋಲಾ ನರ್ಸ್:
ಹೊಸ ಶಬ್ದ ಬರುವವರೆಗೆ ಕಾಯಬೇಡಿ ಅಕ್ಕಾ. 'ಯೋನಿ' ಅಂತಲೇ ಹೇಳಿ, ನಾಲ್ಕು ಸಲ ಅಂದರೆ ರೂಢಿಯಾಗುತ್ತದೆ. ಸುಮ್ನೆ 'ಕೆಳಗೆ' ಅಂತ ಕಲಿತ ಮಗು ಉರಿಯಾದರೆ ಎಲ್ಲಿ ಅಂತ ಹೇಳಲಾಗದೆ ಹೊಟ್ಟೆ ತೋರಿಸುತ್ತದೆ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಹೇಳೋದಕ್ಕೂ ಶಬ್ದ ಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆ ಸ್ನೇಹಾ ಕ್ಲಿನಿಕ್ ಇರುತ್ತದೆ, ಅಲ್ಲೂ ಕೇಳಬಹುದು.

ಶಿರಸಿ ಅಮ್ಮ:
ನಿನ್ನೆ ರಾತ್ರಿ ಹೇಳಿದೆ. ನೋಟ್‌ಬುಕ್ಕಿನಲ್ಲಿ ಗರ್ಭಕೋಶದ ಚಿತ್ರ ಬರೆದು ತೋರಿಸಿದೆ. ಯೋನಿ ಅಂತಲೂ ಅಂದೆ, ಮೊದಲ ಸಲ ದನಿ ನಡುಗಿತು. ಅವಳು ಚಿತ್ರವನ್ನೇ ನೋಡುತ್ತಾ "ಹಾಗಾದ್ರೆ ಕಾಗೆ?" ಅಂದಳು. ಕಾಗೆ ಇಲ್ಲ ಮಗಾ ಅಂದೆ.

ಅತ್ತೆ ಆಚೆ ಕೋಣೆಯಲ್ಲಿ ಎಚ್ಚರವಾಗಿಯೇ ಇದ್ದರು. ಬೆಳಿಗ್ಗೆ ಚಾ ಕೊಡುವಾಗ ನನ್ನ ಮುಖ ನೋಡದೆ, "ನಾನೂ ಭಾರೀ ಹೆದರಿದ್ದೆ ಆವಾಗ" ಅಂದರು.