ಸ್ಪೀಕರ್ ಪಕ್ಕ ನಿಲ್ಲಬೇಡ ಎಂದು ಹೇಳಿ ಕಳುಹಿಸು, ಮಗಳೇ

ಮಗಳೇ, ದೊಡ್ಡಪ್ಪ ಮಾತನಾಡುತ್ತಿದ್ದೇನೆ. ಬೆಳಿಗ್ಗೆ ನೀನು ಗುಂಪಿನಲ್ಲಿ ಬರೆದದ್ದನ್ನು ಎರಡು ಸಲ ಓದಿದೆ. ಶನಿವಾರ ರಾತ್ರಿ ನಿನ್ನ ಮಗ ಮೂವರು ಸ್ನೇಹಿತರ ಜೊತೆ ಮಡಿಕೇರಿಗೆ ಹೊರಟಿದ್ದಾನೆ, ಬ್ಯಾಂಡಿನವರು ಎದುರಿಗೇ ನಿಂತು ಹಾಡುವ ಜಾಗವಂತೆ, ಬಾರ್ ಕೂಡ ಅಲ್ಲೇ ಇದೆಯಂತೆ, ಬೇಡ ಎನ್ನಲು ಮನಸ್ಸಿಲ್ಲ, ಹೋಗು ಎನ್ನಲು ಧೈರ್ಯವಿಲ್ಲ, ಏನು ಹೇಳಿ ಕಳುಹಿಸಲಿ ಎಂದು ಕೇಳಿದ್ದೀಯ. ಮೂರ್ನಾಡಿನ ಅತ್ತಿಗೆ ‘ಕುಡಿಯಬೇಡ ಎಂದು ಆಣೆ ಹಾಕಿಸು’ ಎಂದು ಬರೆದಿದ್ದಾರೆ. ಕುಶಾಲನಗರದವರು ಕೈಮುಗಿದ ಚಿತ್ರ ಹಾಕಿದ್ದಾರೆ. ಮುಖ್ಯವಾದದ್ದನ್ನು ಯಾರೂ ಹೇಳಲಿಲ್ಲ. ಅದಕ್ಕೇ ನಾನು ಮಾತನಾಡುತ್ತಿದ್ದೇನೆ. ಉದ್ದವಾಗುತ್ತದೆ, ಅಡುಗೆ ಕೆಲಸ ಮುಗಿಸಿ ಕೇಳು.

ಕುಡಿತದ ವಿಷಯಕ್ಕೆ ನಿನ್ನ ಮಗನನ್ನು ನಾನು ನಂಬುತ್ತೇನೆ. ನಮ್ಮ ಮನೆಯ ಹಬ್ಬಗಳಲ್ಲಿ ಹಿರಿಯರ ಲೋಟಗಳ ನಡುವೆಯೇ ಓಡಾಡಿ ಬೆಳೆದ ಹುಡುಗ. ಅವನ ಅಜ್ಜ, ಅಂದರೆ ನನ್ನ ತಮ್ಮ, ಎಲ್ಲಿ ನಿಲ್ಲಿಸಬೇಕು ಎಂದು ತಿಳಿದವನಾಗಿದ್ದ. ಅದು ಮೊಮ್ಮಗನಿಗೂ ಬಂದಿದೆ. ನನ್ನ ಭಯ ಬೇರೆ. ಅಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಅವನು ಅದರ ಪಕ್ಕ ನಿಲ್ಲಬಾರದು. ಮೊದಲು ಇದನ್ನು ಹೇಳು, ಉಳಿದದ್ದೆಲ್ಲ ಆಮೇಲೆ.

ನನ್ನ ಎಡಗಿವಿ ಕೇಳಿಸುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಹೇಗೆ ಹೋಯಿತು ಎಂದು ಮಾತ್ರ ನಿಮ್ಮಲ್ಲಿ ಒಬ್ಬರೂ ಕೇಳಿಲ್ಲ. ವಯಸ್ಸಾಯಿತು, ಅದಕ್ಕೇ ಎಂದುಕೊಂಡಿದ್ದೀರಿ. ಕಿವಿ ಹೋದಾಗ ನನಗೆ ಇಪ್ಪತ್ತೇಳು ವರ್ಷ.

1986ರ ಡಿಸೆಂಬರ್ 31. ಆಗ ನಾನು ಸುಂಟಿಕೊಪ್ಪದ ಕಡೆಯ ಒಂದು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ. ಅರೇಬಿಕಾ ಕಾಫಿ ಕೊಯ್ಲು ಜೋರಾಗಿತ್ತು. ಸಂಜೆ ಹಣ್ಣಿನ ತೂಕ ಮುಗಿಸಿ, ಲೆಕ್ಕ ಬರೆದಿಟ್ಟು ಕೈ ತೊಳೆಯುತ್ತಿದ್ದಾಗ ತೋಟದ ಮಾಲೀಕರು ‘ಇವತ್ತು ಕ್ಲಬ್ಬಿಗೆ ನೀನೂ ಬಾ’ ಎಂದರು. ನನ್ನಂಥವನನ್ನು ಅಲ್ಲಿಗೆ ಕರೆಯುವುದೇ ದೊಡ್ಡದು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಜೀಪಿನ ಹಿಂದೆ ಕುಳಿತು ಹೋದೆ. ಬೆಂಗಳೂರಿನಿಂದ ಬ್ಯಾಂಡ್ ಬಂದಿತ್ತು. ಗಿಟಾರ್ ಇಬ್ಬರದು, ಕೀಬೋರ್ಡ್ ಒಬ್ಬರದು, ಡ್ರಮ್ಸ್ ಬಾರಿಸುವವನು ಇನ್ನೂ ಮೀಸೆ ಮೂಡದ ಹುಡುಗ. ಹೊರಗೆ ಚಳಿ, ಮಂಜು ಬಾಗಿಲವರೆಗೂ ಬಂದಿತ್ತು. ಹಾಗಾಗಿ ಕಿಟಕಿ ಬಾಗಿಲು ಎಲ್ಲವನ್ನೂ ಮುಚ್ಚಿದ್ದರು. ಸದಸ್ಯರೆಲ್ಲ ಕುರ್ಚಿಗಳಲ್ಲಿ ಕುಳಿತಿದ್ದರು. ನಿಲ್ಲಲು ನನಗೆ ಸಿಕ್ಕಿದ್ದು ಗೋಡೆಯ ಮೂಲೆ, ಎಡಕ್ಕೆ ನನ್ನ ಎತ್ತರದ ಸ್ಪೀಕರ್ ಪೆಟ್ಟಿಗೆ.

ನನಗೆ ಸಂತೋಷವೇ ಆಯಿತು. ಅಲ್ಲಿಂದ ಡ್ರಮ್ಸ್ ಹುಡುಗನ ಕೈ ಚೆನ್ನಾಗಿ ಕಾಣುತ್ತಿತ್ತು. ದಪ್ಪ ತಂತಿಯ ಗಿಟಾರ್ ನುಡಿದಾಗಲೆಲ್ಲ ಪೆಟ್ಟಿಗೆಯ ಬಾಯಿಂದ ಗಾಳಿ ಬಂದು ನನ್ನ ಅಂಗಿಯ ತೋಳು ಪಟಪಟ ಎನ್ನುತ್ತಿತ್ತು. ಯಾರೋ ಕೈಗೆ ರಮ್ಮಿನ ಲೋಟ ಕೊಟ್ಟಿದ್ದರು. ಅದರೊಳಗೆ ಸಣ್ಣ ಸಣ್ಣ ಅಲೆಗಳು ಏಳುತ್ತಿದ್ದವು, ಅಂಚಿನಿಂದ ನಡುವಿಗೆ ಬಂದು ಅಲ್ಲೇ ನಡುಗುತ್ತಿದ್ದವು. ನಾನು ಅದನ್ನು ನೋಡುತ್ತಾ ನಿಂತೆ. ಲೋಟದ ನೀರೇ ಹೀಗಾದರೆ ಕಿವಿಯೊಳಗೆ ಏನಾಗುತ್ತಿರಬೇಕು ಎಂಬ ಯೋಚನೆ ಬರಲಿಲ್ಲ. ರಾತ್ರಿ ಎಂಟರಿಂದ ಒಂದು ಗಂಟೆಯವರೆಗೆ, ಐದು ಗಂಟೆ, ಅಲ್ಲಿಂದ ಕದಲಲಿಲ್ಲ.

ಹೊರಗೆ ಬಂದಾಗ ಜೀಪು ಶುರುವಾದದ್ದು ತಿಳಿಯಲಿಲ್ಲ. ಡ್ರೈವರ್ ಮಾತನಾಡುತ್ತಿದ್ದ, ಅವನ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಕಿವಿಗೆ ಹತ್ತಿ ತುರುಕಿದ ಹಾಗೆ. ಮಲಗೆದ್ದರೆ ಸರಿಹೋಗುತ್ತದೆ ಎಂದುಕೊಂಡೆ. ಬೆಳಗಿನ ಹಾಜರಿಯಲ್ಲಿ ಕೆಲಸದ ಹೆಂಗಸರು ಹೆಸರು ಕೂಗಿದರೆ ನನಗೆ ಒಂದಕ್ಕೆ ಇನ್ನೊಂದು ಕೇಳಿಸಿತು, ಬಂದವರಿಗೆ ಗೈರುಹಾಜರಿ ಹಾಕಿದೆ. ಬಲಗಿವಿ ಮೂರು ದಿನಕ್ಕೆ ತಿಳಿಯಾಯಿತು. ಎಡಗಿವಿಗೆ ನಿನ್ನ ದೊಡ್ಡಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು. ಪಾಪ, ಅವಳಿಗೆ ಗೊತ್ತಿದ್ದದ್ದು ಅಷ್ಟೆ. ಕೊಯ್ಲಿನ ಕಾಲ, ರಜೆ ಕೇಳಲು ಹೆದರಿ ನಾನು ಡಾಕ್ಟರ ಬಳಿ ಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗಿ, ಸದ್ದು ಹೊಗದ ಕೋಣೆಯಲ್ಲಿ ಕೂತು ಪರೀಕ್ಷೆ ಮಾಡಿಸಿಕೊಂಡೆ. ಅಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದರು. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿಯಾದ ಒಂದು ಅಂಗವಿದೆ, ಅದರಲ್ಲಿ ಕೂದಲಿನಂಥ ಎಳೆಗಳಿರುವ ಸೂಕ್ಷ್ಮ ಕೋಶಗಳಿವೆ, ಸದ್ದನ್ನು ಹಿಡಿಯುವುದು ಅವೇ. ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಲೆಕ್ಕವನ್ನೂ ಅಲ್ಲೇ ತಿಳಿದುಕೊಂಡೆ, ರೈಟರ್ ಆಗಿದ್ದವನು, ಲೆಕ್ಕ ಮರೆಯುವುದಿಲ್ಲ. 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಾಳಿಕೊಳ್ಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದರೆ ಬರೀ 15 ನಿಮಿಷ. ಬ್ಯಾಂಡಿನ ಸ್ಪೀಕರ್ ಎದುರು 100 ದಾಟುವುದು ಏನೇನೂ ದೊಡ್ಡದಲ್ಲ. ನಾನು ಐದು ಗಂಟೆ ನಿಂತಿದ್ದೆ.

ಅಂದಿನಿಂದ ನನ್ನ ತಲೆಯೊಳಗೆ ಜೀರುಂಡೆ ಕೂಗುತ್ತಿದೆ. ಮಳೆ ಬಿಟ್ಟ ಸಂಜೆ ತೋಟದಲ್ಲಿ ಕೂಗುತ್ತದಲ್ಲ, ಅದೇ ಸದ್ದು. ತೋಟದ ಜೀರುಂಡೆ ಕತ್ತಲಾದ ಮೇಲೆ ಸುಮ್ಮನಾಗುತ್ತದೆ, ಇದು ಒಂದು ರಾತ್ರಿಯೂ ಸುಮ್ಮನಾಗಿಲ್ಲ. ಒಂದೇ ಕಿವಿ ಉಳಿದವನಿಗೆ ಇನ್ನೊಂದು ಕಷ್ಟವಿದೆ, ಸದ್ದು ಯಾವ ಕಡೆಯಿಂದ ಬಂತು ಎಂದು ತಿಳಿಯುವುದಿಲ್ಲ. ಎಲ್ಲ ಸದ್ದೂ ಬಲಗಡೆಯಿಂದಲೇ ಬಂದ ಹಾಗಿರುತ್ತದೆ. ಐದು ವರ್ಷದ ಹಿಂದೆ, ಹಲಸು ಹಣ್ಣಾಗುವ ಕಾಲ, ಬೆಳಿಗ್ಗೆ ಪಂಪಿನ ಮನೆಗೆ ಹೋಗುತ್ತಿದ್ದೆ. ಕೊಂಬೆ ಮುರಿದ ಸದ್ದಾಯಿತು. ಬಲಗಡೆ ಆನೆ ಇದೆ ಎಂದುಕೊಂಡು ಎಡಕ್ಕೆ ಸರಿದೆ. ಆನೆ ಇದ್ದದ್ದೇ ಎಡಗಡೆ, ಕಾಫಿ ಗಿಡಗಳ ಮೇಲೆ ಅದರ ಬೆನ್ನು ಕಂಡಿತು. ಹಿಂದಿದ್ದ ಕೆಲಸದವನು ಅಂಗಿ ಹಿಡಿದು ಎಳೆಯದೇ ಇದ್ದಿದ್ದರೆ ಈ ಮಾತು ಹೇಳಲು ನಾನು ಇರುತ್ತಿರಲಿಲ್ಲ. ಕೊಡಗಿನಲ್ಲಿ ಬದುಕುವವನಿಗೆ ಎರಡು ಕಿವಿಯೂ ಬೇಕು ಮಗಳೇ. ಅದಕ್ಕೇ ಮತ್ತೆ ಹೇಳುತ್ತೇನೆ, ಸ್ಪೀಕರ್ ಪಕ್ಕ ನಿಲ್ಲಬಾರದು. ಸ್ನೇಹಿತರು ಎಳೆದರೂ ನಿಲ್ಲಬಾರದು, ಹುಡುಗಿಯರು ಮುಂದೆ ಕುಣಿಯುತ್ತಿದ್ದರೂ ನಿಲ್ಲಬಾರದು.

ಈ ಮಾತನ್ನು ನಮ್ಮ ಮನೆಯ ಮದುವೆಯಲ್ಲೇ ಕೇಳುವವರಿರಲಿಲ್ಲ. ಯಾರ ಮದುವೆ ಎಂದು ಹೇಳುವುದಿಲ್ಲ, ಎಲ್ಲರೂ ಇದೇ ಗುಂಪಿನಲ್ಲಿದ್ದೀರಿ. ಮುಹೂರ್ತ ಮುಗಿದದ್ದೇ ತಡ, ವಾಲಗದವರಿಗೆ ಊಟ ಹಾಕಿ ಕಳುಹಿಸಿಬಿಟ್ಟರು. ಅಪ್ಪ, ಅಜ್ಜನ ಕಾಲದಿಂದ ನಮ್ಮ ಮನೆಗೆ ಬರುತ್ತಿದ್ದವರ ಮಕ್ಕಳು ಅವರು. ವಾಲಗಕ್ಕೆ ನಾನು ಈಗಲೂ ಕುಣಿಯುತ್ತೇನೆ, ನೀವೆಲ್ಲ ನೋಡಿದ್ದೀರಿ. ಬಾರಿಸುವವನಿಗೆ ದಣಿವಾದರೆ ವಾಲಗ ನಿಲ್ಲುತ್ತದೆ, ಕಿವಿಗೂ ಬಿಡುವು ಸಿಗುತ್ತದೆ. ಡಿಜೆ ಪೆಟ್ಟಿಗೆಗೆ ದಣಿವಿಲ್ಲ. ಹಿರಿಯರು ಎಂದು ನನ್ನನ್ನು ಮುಂದಿನ ಸಾಲಿನಲ್ಲಿ, ಆ ಪೆಟ್ಟಿಗೆಗೆ ಎದುರಾಗಿ ಕೂರಿಸಿದರು. ಎದ್ದು ಹೋಗಿ ಸದ್ದು ತಗ್ಗಿಸಪ್ಪಾ ಎಂದು ಕೈಸನ್ನೆ ಮಾಡಿದೆ. ಆ ಹುಡುಗ ಹೆಬ್ಬೆರಳೆತ್ತಿ ಇನ್ನಷ್ಟು ಏರಿಸಿದ. ನಾನು ಊಟ ಮಾಡದೆ ಮನೆಗೆ ಬಂದೆ. ದೊಡ್ಡಪ್ಪ ಮುನಿಸಿಕೊಂಡು ಹೋದರು ಎಂದು ಇವತ್ತಿಗೂ ಹೇಳುತ್ತೀರಿ. ನನಗೆ ಯಾವ ಮುನಿಸೂ ಇರಲಿಲ್ಲ. ಉಳಿದ ಒಂದು ಕಿವಿಯನ್ನು ಉಳಿಸಿಕೊಳ್ಳಲು ಎದ್ದು ಬಂದೆ.

ಇನ್ನೂ ಒಂದಿದೆ, ಇವತ್ತು ಹೇಳಿಬಿಡುತ್ತೇನೆ. ನನಗೆ ಸದ್ದು ಕೇಳುತ್ತದೆ, ಮಾತು ಒಡೆದು ಕೇಳುವುದಿಲ್ಲ. ಇಂಥ ಕಿವಿಗೆ ತೆಳ್ಳಗಿನ, ಮೇಲಿನ ಸ್ವರಗಳು ಮೊದಲು ಹೋಗುತ್ತವೆ. ಮೊಮ್ಮಗಳು ‘ಹಸು’ ಎಂದರೆ ನನಗೆ ‘ಹತ್ತು’ ಎಂದು ಕೇಳುತ್ತದೆ. ಏನು ಎಂದು ಕೇಳಿದರೆ ಮೊದಲ ಸಲ ಮತ್ತೆ ಹೇಳುತ್ತಾರೆ, ಎರಡನೆಯ ಸಲ ಕಿರುಚುತ್ತಾರೆ, ಮೂರನೆಯ ಸಲ ‘ಏನಿಲ್ಲ, ಬಿಡಿ’ ಎನ್ನುತ್ತಾರೆ. ಆ ‘ಏನಿಲ್ಲ, ಬಿಡಿ’ ನನಗೆ ಚೆನ್ನಾಗಿ ಕೇಳಿಸುತ್ತದೆ. ಹುತ್ತರಿಯ ದಿನ ಇಪ್ಪತ್ತು ಜನರ ನಡುವೆ ಕುಳಿತು, ಎಲ್ಲರೂ ನಕ್ಕಾಗ ನಾನೂ ನಕ್ಕು, ಯಾತಕ್ಕೆ ನಕ್ಕರು ಎಂದು ತಿಳಿಯದೆ ಎದ್ದು ಬಂದಿದ್ದೇನೆ. ಇಪ್ಪತ್ತೆರಡರ ಹುಡುಗನಿಗೆ ಇದು ಬರಬಾರದು.

ಅಯ್ಯೋ, ನೀನು ಕೇಳಿದ್ದು ಏನು ಹೇಳಿ ಕಳುಹಿಸಲಿ ಎಂದು. ಅದನ್ನೇ ಬಿಟ್ಟೆ.

ರಾತ್ರಿ ಅವರು ಸಿದ್ದಾಪುರಕ್ಕೆ ವಾಪಸು ಬರುವುದು ಬೇಡ. ಚೆಟ್ಟಳ್ಳಿ ದಾರಿಯಲ್ಲಿ ಕತ್ತಲಾದ ಮೇಲೆ ಆನೆ ರಸ್ತೆ ದಾಟುತ್ತದೆ, ಮಂಜು ಬಿದ್ದರೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಮಡಿಕೇರಿಯ ಮಹದೇವಪೇಟೆಯಲ್ಲೇ ಚಿಕ್ಕಮ್ಮನ ಮನೆ ಇದೆ, ನಾಲ್ವರೂ ಅಲ್ಲೇ ಮಲಗಲಿ, ಬೆಳಿಗ್ಗೆ ತಿಂಡಿ ತಿಂದು ಹೊರಡಲಿ. ಚಿಕ್ಕಮ್ಮನಿಗೆ ನಾನು ಈಗಾಗಲೇ ಸಂದೇಶ ಬರೆದಿದ್ದೇನೆ, ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿರುತ್ತಾಳೆ. ಕಾರಿನಲ್ಲಿ ಹೋದರೆ ಯಾರು ಓಡಿಸುವವರು ಎಂದು ಮನೆಯಲ್ಲೇ ತೀರ್ಮಾನವಾಗಲಿ, ಓಡಿಸುವವನು ಒಂದು ಗುಟುಕೂ ಮುಟ್ಟಬಾರದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಹೊಟ್ಟೆ ತುಂಬ ಉಂಡು ಹೋಗಲಿ. ಏನಾದರೂ ಆದರೆ 112ಕ್ಕೆ ಕರೆ ಮಾಡಲಿ, ಬೈಯುತ್ತಾರೆ ಎಂದು ಹೆದರಿ ನಮ್ಮಿಂದ ಮುಚ್ಚಿಡುವುದು ಬೇಡ.

ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ. ಸದ್ದು ಹೊರಗೆ ಹೋಗದಂತೆ ಮುಚ್ಚಿದ ಕೋಣೆಗೆ ಆ ಹೊತ್ತಿನ ತಡೆ ಇಲ್ಲ, ಅಷ್ಟೂ ಸದ್ದು ಒಳಗಿದ್ದವರ ಪಾಲಿಗೆ. ಆದ್ದರಿಂದ ಹಿಂದೆ ನಿಲ್ಲಲಿ. ಬ್ಯಾಂಡಿಗೆ ಎದುರಾಗಿ, ಗುಂಡಿಗಳನ್ನು ತಿರುಗಿಸುತ್ತಾ ಸದ್ದು ಹೊಂದಿಸುವವನು ಒಬ್ಬ ಕುಳಿತಿರುತ್ತಾನೆ. ಅವನು ತನ್ನ ಕಿವಿಗೆ ಸರಿ ಕಾಣುವಂತೆ ಹೊಂದಿಸಿಕೊಳ್ಳುತ್ತಾನೆ, ಹಾಡು ಅತ್ಯಂತ ಚೆನ್ನಾಗಿ ಕೇಳುವುದು ಅವನ ಮೇಜಿನ ಪಕ್ಕದಲ್ಲೇ. ಕೈಯಳತೆಯಲ್ಲಿರುವ ಸ್ನೇಹಿತನ ಜೊತೆ ಕೂಗಿ ಮಾತನಾಡಬೇಕಾಗಿ ಬಂದರೆ ಸದ್ದು ಮಿತಿ ಮೀರಿದೆ ಎಂದು ತಿಳಿಯಲಿ, ಗಂಟೆಗೊಮ್ಮೆ ಹತ್ತು ನಿಮಿಷ ಹೊರಗೆ ಬಂದು ನಿಲ್ಲಲಿ. ಮಾರನೆಯ ದಿನವೂ ಕಿವಿ ಗುಯ್ಗುಟ್ಟುತ್ತಿದ್ದರೆ, ಕಟ್ಟಿಕೊಂಡ ಹಾಗಿದ್ದರೆ, ಎಣ್ಣೆ ಬಿಡಬೇಡ. ಎರಡು ದಿನದ ಒಳಗೆ ಕಿವಿ ಡಾಕ್ಟರಿಗೆ ತೋರಿಸು. ಬೇಗ ಹೋದರೆ ಔಷಧಿಗೆ ಅವಕಾಶವಿರುತ್ತದೆ.

ಮೆಡಿಕಲ್ ಅಂಗಡಿಯಿಂದ ಕಿವಿಗೆ ಇಟ್ಟುಕೊಳ್ಳುವ ಸ್ಪಂಜನ್ನು ನಾಲ್ಕು ಜೊತೆ ತಂದಿಟ್ಟಿದ್ದೇನೆ, ಸ್ನೇಹಿತರಿಗೂ ಆಗುತ್ತದೆ. ಸ್ಪಂಜನ್ನು ಬೆರಳಲ್ಲಿ ಬತ್ತಿಯ ಹಾಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಇಡಬೇಕು. ಅದು ಹಿಗ್ಗಿ ಕೂರುವವರೆಗೆ ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿದಿರಬೇಕು. ಹಾಡು ಕೇಳುತ್ತದೆ, ಪೆಟ್ಟು ಮಾತ್ರ ಬೀಳುವುದಿಲ್ಲ. ಶನಿವಾರ ನಾಲ್ಕು ಗಂಟೆಗೆ ಅವನನ್ನು ನಮ್ಮ ಮನೆಗೆ ಕಳುಹಿಸು, ಹೇಗೆ ಇಡುವುದು ಎಂದು ತೋರಿಸಿ ಕೊಡುತ್ತೇನೆ. ಬಂದಾಗ ನನ್ನ ಬಲಗಡೆ ಕುಳಿತುಕೊಳ್ಳಲಿ. ನೀನು ಉತ್ತರವನ್ನು ಬರೆದು ಕಳುಹಿಸು ಮಗಳೇ, ಮಾತಿನಲ್ಲಿ ಕಳುಹಿಸಿದರೆ ನನಗೆ ಪೂರ್ತಿ ಕೇಳಿಸುವುದಿಲ್ಲ.