ಸ್ಟೇರಿಂಗ್ ತಿರುಗಿಸಿದರೆ ಕಟಕಟ ಸದ್ದು, ಕೈಯಲ್ಲಿರುವುದು 8 ಸಾವಿರ: ಯಾವುದನ್ನು ಮೊದಲು ಮಾಡಿಸಲಿ?

ಪ್ರಶ್ನೆ: ಅಣ್ಣಾ, ನಮಸ್ಕಾರ. ನನ್ನದು 2013ರ ಆಲ್ಟೊ 800, ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ. ನಾವಿರುವುದು ಮೂಡಿಗೆರೆ ಕಡೆ ತೋಟದೊಳಗೆ, ಟಾರು ರಸ್ತೆ ಮುಟ್ಟುವವರೆಗೂ ಬರೀ ಕಲ್ಲುಮಣ್ಣಿನ ದಾರಿ. ಮಳೆಗಾಲ ಮುಗಿದಾಗಿನಿಂದ ಗೇಟಿನ ಹತ್ತಿರ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಕ್ಸಲೇಟರ್ ಕೊಟ್ಟರೆ ಮುಂದಿನ ಚಕ್ರದ ಕಡೆಯಿಂದ ಕಟ ಕಟ ಕಟ ಅಂತ ಸದ್ದು. ನೇರ ಹೋದರೆ ಏನೂ ಇಲ್ಲ. ಗುಂಡಿಗೆ ಇಳಿದಾಗ ಮಾತ್ರ ಬೇರೆಯದೇ ಒಂದು ಟಕ್. ಗ್ಯಾರೇಜಲ್ಲಿ ತೋರಿಸಿದೆ. ಎರಡೂ ಆಕ್ಸಲ್, ಎರಡೂ ಲೋವರ್ ಆರ್ಮ್, ಸ್ಟೇರಿಂಗ್ ರ್ಯಾಕ್ ಎಲ್ಲ ಹೋಗಿದೆ, 26 ಸಾವಿರ ಆಗುತ್ತದೆ ಅಂದರು. ಗಾಡಿ ಮಾರಿದರೇ ಎಷ್ಟು ಬರುತ್ತದೋ! ಈ ತಿಂಗಳು ಹೆಚ್ಚೆಂದರೆ 8 ಸಾವಿರ ಹೊಂದಿಸಬಹುದು. ವಾರಕ್ಕೊಮ್ಮೆ ಚಾರ್ಮಾಡಿ ಇಳಿದು ಉಜಿರೆಗೆ ಹೋಗಲೇಬೇಕು. ಏನು ಮಾಡಲಿ?

ಉತ್ತರ: ನಮಸ್ಕಾರ ಸಾರ್. ಒಳ್ಳೆಯದಾಯಿತು, ಸದ್ದು ಎರಡು ಅಂತ ನೀವೇ ಬೇರೆ ಮಾಡಿ ಹೇಳಿದಿರಿ. ಅರ್ಧ ಜನ "ಏನೋ ಸೌಂಡು ಬರುತ್ತೆ" ಅಂತಷ್ಟೇ ಹೇಳುತ್ತಾರೆ, ಆಮೇಲೆ ಗ್ಯಾರೇಜಿನವನು ಸಿಕ್ಕಿದ್ದೆಲ್ಲ ಬದಲಿಸಿ ಬಿಲ್ ಕೊಡುತ್ತಾನೆ.

ತಿರುಗಿಸಿದಾಗ ಬರುವ ಕಟಕಟ ಆಕ್ಸಲ್‌ನ, ಅಂದರೆ ಗೇರ್ ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ, ಚಕ್ರದ ಕಡೆಯ ಸಿವಿ ಜಾಯಿಂಟ್‌ನದು, ನಾವು ಕಪ್ ಅನ್ನುವುದು. ಕಪ್ ಒಳಗೆ 6 ಗುಂಡುಗಳು ಆರು ಕಾಲುವೆಯಲ್ಲಿ ಓಡಾಡುತ್ತವೆ. ಚಕ್ರ ಎಷ್ಟು ತಿರುಗಿದರೂ ಇಂಜಿನ್ ಶಕ್ತಿ ಒಂದೇ ಸಮ ಚಕ್ರಕ್ಕೆ ಹೋಗುವುದು ಇದರಿಂದಲೇ. ಮೇಲೊಂದು ರಬ್ಬರ್ ಬೂಟ್, ಒಳಗೆ ಕಪ್ಪು ಗ್ರೀಸ್. ಬೂಟ್ ಹರಿದರೆ ಗ್ರೀಸ್ ಹೊರಗೆ ಚಿಮ್ಮುತ್ತದೆ, ಮಣ್ಣುನೀರು ಒಳಗೆ ಹೋಗುತ್ತದೆ, ಉಳಿದ ಗ್ರೀಸ್ ವಾಲ್ವ್ ಉಜ್ಜುವ ಪೇಸ್ಟ್ ಹಾಗೆ ಆಗಿ ಕಾಲುವೆಯನ್ನೇ ತಿಂದುಬಿಡುತ್ತದೆ. ಸದ್ದು ಶುರುವಾಯಿತು ಅಂದರೆ ಸವೆತ ಆಗಿ ಹೋಗಿದೆ. ಆಮೇಲೆ ಹೊಸ ಗ್ರೀಸ್ ತುಂಬಿ ಹೊಸ ಬೂಟ್ ಹಾಕಿದರೆ ನಾಲ್ಕು ದಿನ ಸದ್ದು ಕಮ್ಮಿ ಅನಿಸುತ್ತದೆ, ಅಷ್ಟೇ.

ಗುಂಡಿಯಲ್ಲಿ ಬರುವ ಟಕ್ ಆಕ್ಸಲ್‌ನದಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳೇ ಲೋವರ್ ಆರ್ಮ್; ಅದರ ತುದಿಯ ಬಾಲ್ ಜಾಯಿಂಟ್ ಅಥವಾ ಬುಡದ ರಬ್ಬರ್ ಬುಷ್ ಇರಬೇಕು, ಸ್ಟ್ರಟ್ (ಮುಂದಿನ ಶಾಕ್ ಅಬ್ಸಾರ್ಬರ್) ಮೇಲಿನ ಮೌಂಟ್ ಕೂಡ ಇರಬಹುದು. ನನ್ನ ಕೇಳಿದರೆ ಮೊದಲ ದುಡ್ಡು ಇಲ್ಲಿಗೆ ಹೋಗಬೇಕು, ಕಟಕಟಕ್ಕೆ ಅಲ್ಲ. ಕಪ್ ಸವೆದರೆ ತಿಂಗಳುಗಟ್ಟಲೆ ಸದ್ದು ಮಾಡಿ ಎಚ್ಚರಿಸುತ್ತದೆ. ಬಾಲ್ ಜಾಯಿಂಟ್ ಸಣ್ಣಗೆ ಟಕ್ ಅನ್ನುತ್ತಾ ಇದ್ದು ಒಂದು ದಿನ ಕಳಚಿಕೊಂಡರೆ ಚಕ್ರ ಅಡ್ಡ ಮಲಗುತ್ತದೆ, ಸ್ಟೇರಿಂಗ್ ಕೈಯಲ್ಲಿ ಇದ್ದೂ ಇಲ್ಲದ ಹಾಗೆ.

ದುಡ್ಡು ಕೊಡುವ ಮೊದಲು ಎದುರಿಗೇ ನಿಂತು ಮೂರು ಕೆಲಸ ಮಾಡಿಸಿ. ಸ್ಟೇರಿಂಗ್ ಒಂದು ಕಡೆಗೆ ತಿರುಗಿಸಿ ಟಾರ್ಚ್ ಹಾಕಿ ಬೂಟ್ ನೋಡಿ, ಮಡಿಕೆಗಳ ನಡುವೆ ಸೀಳು ಇರುತ್ತದೆ. ಡಿಸ್ಕಿನ ಒಳಬದಿಗೆ ಗ್ರೀಸ್ ಸಿಡಿದಿದ್ದರೆ ಅದೇ ಕಡೆಯದು. ಆಮೇಲೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಟೈರ್ ಕೆಳಗೆ ಲಿವರ್ ತೂರಿಸಿ ಮೇಲಕ್ಕೆ ಮೀಟಿಸಿ. ಬಾಲ್ ಜಾಯಿಂಟ್ ಹತ್ತಿರ ಬೆರಳಿಟ್ಟರೆ ಆಟ, ಅಂದರೆ ಸಡಿಲ, ನಿಮಗೇ ಗೊತ್ತಾಗುತ್ತದೆ. ಮೂರನೆಯದು ಟೈರಿನ ಎಡಬಲ ಅಂಚು ಹಿಡಿದು ಅಲ್ಲಾಡಿಸುವುದು. ಅಲ್ಲಿ ಆಟ ಇದ್ದರೆ ಸ್ಟೇರಿಂಗ್ ರ್ಯಾಕನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಎಂಡ್ ಇರಬಹುದು, ರ್ಯಾಕ್ ಅನ್ನುವ ಮೊದಲು ಅದನ್ನು ನೋಡಬೇಕು. ಎಂಡ್‌ಗೆ ನೂರುಗಳಲ್ಲಿ ಮುಗಿಯುವುದನ್ನು ಸಾವಿರಗಳ ರ್ಯಾಕ್‌ಗೆ ಹಚ್ಚುವವರು ಬೇಕಾದಷ್ಟು ಜನ ಇದ್ದಾರೆ.

ಪ್ರಶ್ನೆ: ಸರಿ ಅಣ್ಣಾ. ಕಪ್ ಒಂದೇ ಬದಲಿಸಬಹುದಾ, ಪೂರ್ತಿ ಆಕ್ಸಲ್ ಬೇಡವಾ? ಒಂದು ಕಡೆ ಮಾಡಿಸಿದರೆ ಇನ್ನೊಂದು ಕಡೆಯೂ ಮಾಡಿಸಲೇಬೇಕು ಅಂತಾರಲ್ಲ?

ಉತ್ತರ: ಆಲ್ಟೊಗೆ ವೀಲ್ ಸೈಡ್ ಕಪ್ ಕಿಟ್ ಬೇರೆಯಾಗಿ ಸಿಗುತ್ತದೆ. ಕಪ್, ಬೂಟ್, ಗ್ರೀಸ್, ಕ್ಲಾಂಪ್ ಎಲ್ಲ ಸೇರಿ ನಮ್ಮ ಕಡೆ ಸುಮಾರು 1,500ರಿಂದ 2,000 ರೂಪಾಯಿ. ಪೂರ್ತಿ ಆಕ್ಸಲ್ ಅದರ ಎರಡು ಮೂರು ಪಟ್ಟು. ಗೇರ್ ಬಾಕ್ಸ್ ಕಡೆಯ ಜಾಯಿಂಟ್ ಚೆನ್ನಾಗಿದ್ದರೆ ಪೂರ್ತಿ ಯಾಕೆ? ಅದು ಹೋಗಿದ್ದರೆ ಲಕ್ಷಣವೇ ಬೇರೆ: ಎಕ್ಸಲೇಟರ್ ಒತ್ತಿದಾಗ ಗಾಡಿ ನಡುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಿಮಗೆ ನೇರ ಹೋಗುವಾಗ ಏನೂ ಇಲ್ಲ ಅಂದಿರಿ, ಅಲ್ವಾ? ಆಕ್ಸಲ್ ಕೈಯಲ್ಲಿ ಹಿಡಿದು ಒಳಗೆ ಹೊರಗೆ ಎಳೆದರೆ ಸ್ವಲ್ಪ ಜಾರುತ್ತದೆ, ಅದನ್ನು ತೋರಿಸಿ "ನೋಡಿ ಸಾರ್, ಲೂಸು" ಅಂದರೆ ನಂಬಬೇಡಿ. ಸಸ್ಪೆನ್ಷನ್ ಮೇಲೆ ಕೆಳಗೆ ಆಡುವಾಗ ಉದ್ದ ಹೆಚ್ಚು ಕಮ್ಮಿ ಆಗಬೇಕಲ್ಲ, ಅದಕ್ಕೇ ಹಾಗೆ ಮಾಡಿರುವುದು.

ಜೋಡಿಯಾಗಿ ಬದಲಿಸುವ ನಿಯಮ ಆಕ್ಸಲ್‌ಗೆ ಇಲ್ಲ. ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್‌ಗೆ ಆ ಮಾತು ಸರಿ. ಹೋಗಿರುವ ಕಡೆ ಮಾತ್ರ ಮಾಡಿಸಿ, ಇನ್ನೊಂದು ಕಡೆಯ ಬೂಟ್ ಬಿರುಕು ಬಿಟ್ಟಿದ್ದರೆ ಹರಿಯುವ ಮೊದಲೇ ಬದಲಿಸಿಬಿಡಿ. ಬೂಟ್ ಕಿಟ್‌ಗೆ 300-500 ರೂಪಾಯಿ, ಮೇಲೆ ಕೂಲಿ. ಇಡೀ ವಿಷಯದಲ್ಲಿ ಅಗ್ಗದ ಕೆಲಸ ಇದೊಂದೇ, ಇದನ್ನೇ ಎಲ್ಲರೂ ಮುಂದಕ್ಕೆ ಹಾಕುವುದು. ತೋಟದ ಮನೆ ಅಂದಿರಿ, ಶೆಡ್ಡಿನಲ್ಲಿ ಇಲಿ ಕಾಟ ಇದೆಯಾ ನೋಡಿ. ಬೂಟ್ ಕಡಿದಿರುವ ಗಾಡಿಗಳು ನಮಗೆ ಆಗಾಗ ಬರುತ್ತವೆ.

ಮತ್ತೊಬ್ಬರು: ಬೆಂಗಳೂರಲ್ಲಿ ಶಿವಾಜಿನಗರದ ಗುಜರಿಯಲ್ಲಿ ಹಳೇ ಆಕ್ಸಲ್ ಕಮ್ಮಿಗೆ ಸಿಗುತ್ತದಂತೆ. ಜೆ.ಸಿ. ರಸ್ತೆಯಲ್ಲಿ ಹೊಸದು, ಆದರೆ ಹೆಸರೇ ಕೇಳದ ಕಂಪನಿಯದು. ಯಾವುದು ವಾಸಿ?

ಉತ್ತರ: ನನ್ನ ಅಭಿಪ್ರಾಯ ಹೇಳುತ್ತೇನೆ, ಬೇರೆ ಮೆಕ್ಯಾನಿಕ್‌ಗಳು ಒಪ್ಪದಿರಬಹುದು. ಆಕ್ಸಿಡೆಂಟ್ ಆಗಿ ಸ್ಕ್ರ್ಯಾಪ್‌ಗೆ ಬಂದ ಗಾಡಿಯ ಒರಿಜಿನಲ್ ಆಕ್ಸಲ್, ಬೂಟ್ ಹರಿಯದೆ ಇದ್ದರೆ, ಹೆಸರಿಲ್ಲದ ಹೊಸದಕ್ಕಿಂತ ವಾಸಿ. ಬೂಟ್ ಹರಿದದ್ದು ಪುಕ್ಕಟೆ ಕೊಟ್ಟರೂ ಬೇಡ. ಫಳಫಳ ಬಣ್ಣ ಹೊಡೆದು "ರೀಕಂಡೀಷನ್" ಅಂದರೆ ಇನ್ನೂ ಹುಷಾರು. ಸವೆದ ಕಾಲುವೆಗೆ ಬಣ್ಣದಿಂದ ಏನೂ ಆಗುವುದಿಲ್ಲ. ಕಪ್ ಅನ್ನು ಆ ಕಡೆ ಈ ಕಡೆ ಪೂರ್ತಿ ಬಾಗಿಸಿ ತಿರುಗಿಸಿ, ಎಲ್ಲಾದರೂ ಕಚ್ಚಿಕೊಂಡು ಬಿಟ್ಟ ಹಾಗಾದರೆ ವಾಪಸ್ ಕೊಡಿ.

ಹೊಸದೇ ಬೇಕಾದರೆ ಕಂಪನಿ ಪಾರ್ಟ್ ಅಥವಾ ಜಿಕೆಎನ್ ಥರ ಕಾರು ಕಂಪನಿಗಳಿಗೇ ಮಾಡಿ ಕೊಡುವವರದು. ಯಾವುದೇ ತರಲಿ, ಹಳೆಯದನ್ನು ಜೊತೆಗೆ ಒಯ್ದು ತುದಿಯ ಸ್ಪ್ಲೈನ್ ಹಲ್ಲು ಎಣಿಸಿ, ಉದ್ದ ಅಳೆದು ತನ್ನಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವುದು) ಇರುವ ಕೆಲವು ಗಾಡಿಗಳಲ್ಲಿ ಕಪ್ ಮೇಲೆ ಹಲ್ಲಿನ ರಿಂಗ್ ಇರುತ್ತದೆ, ಅದಿಲ್ಲದ ಕಪ್ ಹಾಕಿದರೆ ಡ್ಯಾಶ್‌ಬೋರ್ಡಲ್ಲಿ ಲೈಟ್ ಹತ್ತಿ ಕೂರುತ್ತದೆ.

ಇನ್ನೊಬ್ಬರು: ಎಡಗಡೆ ಕಪ್ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿದರೆ ಸದ್ದು ಹೋಗುತ್ತದೆ ಅಂತ ನಮ್ಮೂರ ಮೇಸ್ತ್ರಿ ಹೇಳುತ್ತಾರೆ. ಸುಮ್ನೆ ಹೇಳುವುದಾ, ನಿಜವಾ? ನನ್ನದು ಓಮ್ನಿ.

ಉತ್ತರ: ಮೇಸ್ತ್ರಿ ಹೇಳಿದ್ದು ನಿಜ. ಮುಂದಕ್ಕೆ ಓಡುವಾಗ ಗುಂಡುಗಳು ಕಾಲುವೆಯ ಒಂದೇ ಪಕ್ಕವನ್ನು ಒತ್ತುತ್ತವೆ, ಆ ಪಕ್ಕವೇ ಸವೆಯುವುದು. ಎರಡೂ ಕಡೆ ಒಂದೇ ಕಪ್ ಇರುವ ಗಾಡಿಯಲ್ಲಿ ಅದಲು ಬದಲು ಮಾಡಿದರೆ ಸವೆಯದ ಪಕ್ಕ ಕೆಲಸಕ್ಕೆ ಬರುತ್ತದೆ. ಸ್ವಲ್ಪ ಕಾಲ ತಳ್ಳಬಹುದು. ಆದರೆ ಕೂಲಿ ಎರಡೂ ಕಡೆಯದು, ಗ್ರೀಸ್ ಬೂಟ್ ಎರಡೂ ಹೊಸದು. ಲೆಕ್ಕ ಹಾಕಿದರೆ ಒಂದು ಹೊಸ ಕಪ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ಪಾರ್ಟ್ ಸಿಗದ ಹಳೇ ಗಾಡಿಗೆ ಮಾಡಿ.

ನಿಮ್ಮ ಓಮ್ನಿಗೆ ಈ ಮಾತೇ ಬರುವುದಿಲ್ಲ. ಅದು ಅಂಬಾಸಿಡರ್, ಪದ್ಮಿನಿ ಥರ ಹಿಂದಿನ ಚಕ್ರ ಓಡಿಸುವ ಗಾಡಿ. ಉದ್ದದ ಪ್ರೊಪೆಲ್ಲರ್ ಶಾಫ್ಟು, ಅದರ ತುದಿಗೆ ಕ್ರಾಸ್, ಅಂದರೆ ಶಾಫ್ಟು ಓರೆಯಾದರೂ ತಿರುಗಲು ಬಿಡುವ ಜಾಯಿಂಟ್. ಗೇರ್ ಹಾಕಿ ಕ್ಲಚ್ ಬಿಡುವಾಗ ಟಣ್ ಅಂದರೆ ಕ್ರಾಸ್ ನೋಡಿಸಿ. ಮುಂದಿನ ಚಕ್ರ ಓಡಿಸುವ ಪದ್ಧತಿ ನಮ್ಮಲ್ಲಿ ಮನೆಮಾತಾಗಿದ್ದು 1983ರಲ್ಲಿ ಮಾರುತಿ 800 ಬಂದ ಮೇಲೆ.

ಮೊದಲ ಪ್ರಶ್ನೆ ಕೇಳಿದವರು: ಅಣ್ಣಾ, ಈ ಭಾನುವಾರ ಚಾರ್ಮಾಡಿ ಇಳಿಯಬೇಕು. ಅಷ್ಟರೊಳಗೆ ಮಾಡಿಸಲು ಆಗದಿದ್ದರೆ?

ಉತ್ತರ: ಬಾಲ್ ಜಾಯಿಂಟ್ ನೋಡಿಸದೆ ಇಳಿಯಬೇಡಿ, ಬಸ್ಸಿಗೆ ಹೋಗಿ. ಕಪ್ ಕೂಡ ಘಾಟಿಯಲ್ಲಿ ಕೈಕೊಟ್ಟರೆ ಕಷ್ಟ. ಒಂದು ಕಡೆಯ ಆಕ್ಸಲ್ ಕಳಚಿದರೆ ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಎಲ್ಲ ಶಕ್ತಿಯನ್ನೂ ಆ ಖಾಲಿ ಕಡೆಗೇ ತಿರುಗಿಸುತ್ತದೆ, ಇನ್ನೊಂದು ಕಡೆ ಸರಿ ಇದ್ದರೂ ಗಾಡಿ ಮುಂದೆ ಹೋಗುವುದಿಲ್ಲ. ಎರಡನೇ ಗೇರಲ್ಲಿ ಇಂಜಿನ್ ಹಿಡಿದು ಇಳಿಸುತ್ತೇವಲ್ಲ, ಆ ಹಿಡಿತವೂ ಅದೇ ಕ್ಷಣ ಹೋಗುತ್ತದೆ. ಬ್ರೇಕ್ ಒಂದೇ ಗತಿ. ನಿಲ್ಲಿಸಿದ ಮೇಲೂ ಗೇರಲ್ಲಿ ಬಿಟ್ಟರೆ ಗಾಡಿ ನಿಲ್ಲುವುದಿಲ್ಲ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಲೇಬೇಕು.

ಆಕ್ಸಲ್ ಬಿಚ್ಚಿದಾಗ ಗೇರ್ ಆಯಿಲ್ ಸೋರುತ್ತದೆ, ಸೀಲ್ ಹೊಸದು ಹಾಕಿಸಿ, ಎಷ್ಟು ಸೋರಿತೋ ಅಷ್ಟು ತುಂಬಿಸಿ. ಆಕ್ಸಲ್ ಇಲ್ಲದೆ ಗಾಡಿಯನ್ನು ಚಕ್ರದ ಮೇಲೆ ಇಳಿಸಿ ತಳ್ಳಬೇಡಿ ಅಂತ ಹೇಳಿ, ವೀಲ್ ಬೇರಿಂಗ್ ಹಾಳಾಗುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಬೇರೆ ಗ್ಯಾರೇಜಲ್ಲಿ ಮಾಡಿಸಿದೆ ಅಣ್ಣಾ. ಬಲಗಡೆ ಬೂಟ್ ಹರಿದಿತ್ತು, ಎಡಗಡೆ ಬಾಲ್ ಜಾಯಿಂಟ್ ಆಟ ಇತ್ತು. ರ್ಯಾಕ್ ಏನೂ ಆಗಿಲ್ಲ. ಕಪ್ ಕಿಟ್ 1,650, ಲೋವರ್ ಆರ್ಮ್ (ಬಾಲ್ ಜಾಯಿಂಟ್ ಸೇರಿ) 1,400, ಸೀಲ್ 120, ಗೇರ್ ಆಯಿಲ್ 700, ಕೂಲಿ 1,500, ಅಲೈನ್‌ಮೆಂಟ್ 400. ಒಟ್ಟು 5,770. ಎರಡೂ ಸದ್ದು ನಿಂತಿದೆ.

ಉತ್ತರ: ಸರಿಯಾದ ರೇಟು. ಆದರೆ ಬಿಲ್ಲಲ್ಲಿ ಆಕ್ಸಲನ್ನು ಚಕ್ರಕ್ಕೆ ಬಿಗಿಯುವ ಹಬ್ ನಟ್ಟೂ ಇಲ್ಲ, ಪಿನ್ನೂ ಇಲ್ಲವಲ್ಲ ಸಾರ್? ಚಕ್ರದ ನಡುವಿನ ಕ್ಯಾಪ್ ತೆಗೆದು ನೋಡಿ. ಅಂಚು ಬಡಿದು ಲಾಕ್ ಮಾಡುವ ನಟ್ ಆದರೆ ಹೊಸದೇ ಇರಬೇಕು, ಸ್ಪ್ಲಿಟ್ ಪಿನ್ ಇರುವುದಾದರೆ ಹೊಸ ಪಿನ್. ಬಿಗಿತ ಅಳೆಯುವ ಟಾರ್ಕ್ ರೆಂಚಲ್ಲಿ ಬಿಗಿ ಮಾಡಿದರಾ, ಇಲ್ಲ ನಟ್ ಬಿಗಿಯುವ ಗನ್ ಹಿಡಿದು ಡರ್ ಅನಿಸಿ ಬಿಟ್ಟರಾ ಅಂತಲೂ ಕೇಳಿ. ಘಾಟಿ ಇಳಿಯುವ ಮೊದಲೇ ಕೇಳಿ.