ಸಹಾಯ ಬೇಕು: ಅದಲುಬದಲಿನಲ್ಲಿ ಸಿಕ್ಕ ಟರ್ನ್‌ಟೇಬಲ್ ಗುಂಯ್ ಅನ್ನುತ್ತಿದೆ

ಹಳೆ ಆಡಿಯೋ ಸಾಮಾನು, ವಾದ್ಯಗಳ ಅದಲುಬದಲು ಕೂಟಕ್ಕೆ ಹೋಗಿದ್ದೆ. ಮನೆಯಲ್ಲಿ ಸುಮ್ನೆ ಬಿದ್ದಿದ್ದ ಕೀಬೋರ್ಡ್ ಕೊಟ್ಟು ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ತಂದೆ. ಅಲ್ಲಿ ತಿರುಗುತ್ತದಾ ಅಂತ ಮಾತ್ರ ನೋಡಿದ್ದೆ, ಹಾಡು ಹಾಕಿ ಕೇಳಲಿಲ್ಲ. ತಪ್ಪು ನನ್ನದೇ.

ಮೊದಲು ಆಂಪ್ಲಿಫೈಯರ್‌ನ ಆಕ್ಸ್‌ಗೆ (ಸಾಮಾನ್ಯ ಇನ್‌ಪುಟ್‌ಗೆ) ಹಾಕಿದೆ. ದನಿ ತೀರಾ ಸಣ್ಣ, ಬೇಸ್ ಇಲ್ಲವೇ ಇಲ್ಲ. ಸೂಜಿ ಕೂತಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಬರುವುದು ಸುಮಾರು 5 ಮಿಲಿವೋಲ್ಟ್ ಅಷ್ಟೇ, ಅದನ್ನು ಹಿಗ್ಗಿಸುವ ಫೋನೋ ಪ್ರಿಆಂಪ್ ಬೇಕೇ ಬೇಕು ಅಂತ ಆಮೇಲೆ ಗೊತ್ತಾಯಿತು. ಅದನ್ನೂ ಹಾಕಿದೆ. ಹಾಡು ಚೆನ್ನಾಗಿ ಬಂತು, ಜೊತೆಗೆ ಈ ಗುಂಯ್ ಸದ್ದೂ! ಅರ್ತ್ ವೈರ್ ಬಿಗಿ ಮಾಡಿದೆ, ಕೇಬಲ್ ಬದಲಿಸಿದೆ. ಜಪ್ಪಯ್ಯ ಅಂದರೂ ಹೋಗುತ್ತಿಲ್ಲ.

ಟೋನ್‌ಆರ್ಮ್ (ಕಾರ್ಟ್ರಿಜ್ ಹಿಡಿದಿರುವ ತೋಳು) ಮುಟ್ಟಿದರೆ ಸದ್ದು ಇನ್ನೂ ಜಾಸ್ತಿ ಆಗುತ್ತದೆ. ಅಂದರೆ ಆರ್ಮ್‌ನ ಅರ್ತ್ ಒಳಗೆಲ್ಲೋ ಕಡಿದಿದೆ, ಅಲ್ವಾ? ತಳ ಬಿಚ್ಚುವ ಮೊದಲು ಮಲ್ಟಿಮೀಟರ್‌ನಲ್ಲಿ ಎಲ್ಲಿಂದ ಎಲ್ಲಿಗೆ ಕಂಟಿನ್ಯುಟಿ (ವೈರ್ ಕಡಿಯದೆ ಇದೆಯಾ ಅಂತ) ನೋಡಬೇಕು?